ಬಣ್ಣವಿಲ್ಲದ ಅಚ್ಚು

ನನ್ನ ಭಾವನಿಗೆ ಸುಕ್ಕು ಕಂಡರೆ ಆಗುತ್ತಿರಲಿಲ್ಲ. ಅಂಗಿಯದಾಗಲಿ, ಹಾಸಿಗೆಯದಾಗಲಿ, ಕಾಗದದ್ದಾಗಲಿ, ಸುಕ್ಕು ಕಣ್ಣಿಗೆ ಬಿದ್ದರೆ ಅದು ಹೋಗುವ ತನಕ ಅವರಿಗೆ ಸಮಾಧಾನವಿಲ್ಲ. ದುಬೈಯ ಕರಾಮದಲ್ಲಿದ್ದ ನಮ್ಮ ಫ್ಲ್ಯಾಟಿನಲ್ಲಿ ಊಟದ ಮೇಜಿನ ಪ್ಲಾಸ್ಟಿಕ್ ಹಾಸನ್ನು ಅಂಗೈಯಿಂದ ಸವರಿ ಸವರಿ ಅದರ ಹೂಗಳನ್ನೆಲ್ಲ ಮಾಸಿಸಿಬಿಟ್ಟಿದ್ದರು. "ಮದುವೆಯಾಗುವ ಮೊದಲು ಅಕ್ಕನಿಗೂ ಒಂದು ಸಲ ಇಸ್ತ್ರಿ ಹಾಕಿ ನೋಡಿದ್ರಾ ಭಾವ?" ಎಂದು ನಾನು ಕೆಣಕುತ್ತಿದ್ದೆ. ಅವರು ನಗುತ್ತಿದ್ದರು. ಆಗ ಅವರಲ್ಲಿ ನಗು ಇತ್ತು.

ರಾಸ್ ಅಲ್ ಖೋರ್‌ನಲ್ಲಿ ಗೇರ್‌ಬಾಕ್ಸ್ ರಿಪೇರಿಯ ಗ್ಯಾರೇಜು ಮತ್ತು ಟಯರಿನ ಗೋದಾಮಿನ ನಡುವೆ ಅವರ ಫ್ರೇಮ್ ಅಂಗಡಿ. ಉಡುಪಿಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುತ್ತಾ ಕಲಿತ ಕೆಲಸವದು. ಇಲ್ಲಿ ದೇವರ ಪಟದ ಜಾಗಕ್ಕೆ ಪದವಿ ಪತ್ರಗಳು, ಗಿಡುಗಗಳ ಫೋಟೊಗಳು, ಅರಬ್ಬಿಯ ಚಂದದ ಕೈಬರಹಗಳು ಬಂದಿದ್ದವು, ಅಷ್ಟೇ. ನಾನು ಅಕ್ಕನ ಬೆನ್ನಿಗೆ ದುಬೈಗೆ ಬಂದವಳು. ಅಂಗಡಿಯಲ್ಲಿ ಚಿತ್ರದ ಸುತ್ತ ಕೂರುವ ರಟ್ಟು ಕತ್ತರಿಸುತ್ತಿದ್ದೆ, ಹರಿದ ಕಾಗದಕ್ಕೆ ತೇಪೆ ಹಾಕುತ್ತಿದ್ದೆ, ಗಿರಾಕಿಗಳ ಜತೆ ಜಗಳ ಬಂದರೆ ಅದನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಭಾವನಿಗೆ ಜಗಳ ಬಾರದು. ನನಗೆ ಅದೊಂದು ಚೆನ್ನಾಗಿ ಬರುತ್ತದೆ.

ಅಂಗಡಿಯ ಹಿಂದಿನ ಗೋಡೆಗೆ ತಾಗಿ ಬಿಸಿ ಪ್ರೆಸ್ ಇತ್ತು. ಮಂಚದಷ್ಟು ದೊಡ್ಡ ಇಸ್ತ್ರಿಪೆಟ್ಟಿಗೆ ಅನ್ನಿ. ಆಗಸ್ಟಿನಲ್ಲಿ ಹೊರಗೆ ಸಮುದ್ರದ ಹಬೆ, ಒಳಗೆ ಏಸಿಯ ಚಳಿ. ಈ ಎರಡರ ನಡುವೆ ಸಿಕ್ಕಿದ ಕಾಗದ ಉಬ್ಬಿ, ಏರಿಳಿದು, ಹಪ್ಪಳದ ಹಾಗೆ ಆಗುತ್ತಿತ್ತು. ಅಂಥ ಕಾಗದವನ್ನು ಪ್ರೆಸ್ಸಿಗೆ ಕೊಡದೆ ಭಾವ ಗಿರಾಕಿಯ ಕೈಗೆ ಕೊಟ್ಟದ್ದನ್ನು ನಾನು ನೋಡಿಲ್ಲ. ಕೇಳಲಿ, ಕೇಳದಿರಲಿ, ಒತ್ತಿ ನೆಟ್ಟಗೆ ಮಾಡಿಯೇ ಕೊಡುವುದು. ಅದಕ್ಕೆ ದುಡ್ಡಿಲ್ಲ. "ಇದು ನನ್ನ ಕಡೆಯಿಂದ" ಎನ್ನುವುದು ಅವರ ಅಂಗಡಿಯ ಪದ್ಧತಿ, ಊರಿನಲ್ಲಿ ಅವರ ಗುರುಗಳು ಕಲಿಸಿಕೊಟ್ಟದ್ದು.

ಅಂಗಡಿ ಇದ್ದರೆ ಭಾವನ ವೀಸಾ, ಭಾವನ ವೀಸಾ ಇದ್ದರೆ ಅಕ್ಕನದು, ನನ್ನದೂ ಅದೇ ಅಂಗಡಿಯದು. ಒಂದು ಗಂಟು ಬಿಚ್ಚಿದರೆ ಮೂವರೂ ನೆಲಕ್ಕೆ. ಲೈಸೆನ್ಸು ಒಬ್ಬ ಅರಬ್ಬಿಯ ಹೆಸರಿನಲ್ಲಿತ್ತು. ನಾವು ಅವರನ್ನು ಕಫೀಲ್ ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯರು, ಆದರೆ ಒಂದೇ ಒಂದು ಮಾತನ್ನು ಬಂದಾಗಲೆಲ್ಲ ಹೇಳುತ್ತಿದ್ದರು: ಏನಾದರೂ ತೊಂದರೆಯಾದರೆ ಮಾಫಿ ಮುಶ್ಕಿಲ್, ಚಿಂತೆಯಿಲ್ಲ, ಆದರೆ ಪೊಲೀಸ್ ಅಂತ ಬಂದರೆ ಖಲಾಸ್. ಎದುರು ಸಾಲಿನಲ್ಲಿ ಕಾರಿಗೆ ಬಣ್ಣ ಹೊಡೆಯುವ ಒಬ್ಬರ ಅಂಗಡಿ ಇತ್ತು. ಗಿರಾಕಿಯ ಕಾರಿನ ಒಳ್ಳೆಯ ಭಾಗ ತೆಗೆದು ಹಳೆಯದು ಹಾಕಿದರೆಂದು ದೂರು ಹೋಯಿತು. ಸ್ಟೇಷನ್ನಿಗೆ ಹೋಗಿ ಬರುತ್ತೇನೆ ಎಂದು ಹೋದ ಮನುಷ್ಯ ಮತ್ತೆ ಬರಲಿಲ್ಲ. ಒಳಗೆ ಹಾಕಿಕೊಳ್ಳುವ ಅವರ ಹವಾಯಿ ಚಪ್ಪಲಿ ಶಟರಿನ ಹೊರಗೆ ತಿಂಗಳುಗಟ್ಟಲೆ ಬಿದ್ದಿತ್ತು. 

ಧೂಳುಗಾಳಿ ಎದ್ದಿದ್ದ ಒಂದು ಮಧ್ಯಾಹ್ನ ಆ ತಾಯಿ ಮಗಳು ಬಂದರು. ಚೀನಾದವರು. ನಮ್ಮಲ್ಲಿ ಕಟ್ಟು ಹಾಕಿಸುತ್ತಿದ್ದ ಚೀನೀ ವ್ಯಾಪಾರಿಯೊಬ್ಬರು ಕಳಿಸಿದ್ದರಂತೆ. ಮಗಳು ಅಬುಧಾಬಿಯಲ್ಲಿ ಕಟ್ಟಡ ಸಾಮಗ್ರಿಯ ಕಂಪನಿಯೊಂದರಲ್ಲಿ ಕೆಲಸದವಳು, ಇಂಗ್ಲಿಷ್ ಚೆನ್ನಾಗಿ ಆಡುತ್ತಿದ್ದಳು. ತಾಯಿಗೆ ಅವರ ಭಾಷೆ ಬಿಟ್ಟರೆ ಬೇರೆ ಇಲ್ಲ. ಎಪ್ಪತ್ತು ದಾಟಿದ ಅಜ್ಜಿ, ಕಪ್ಪು ಕನ್ನಡಕ ಹಾಕಿದ್ದರು. ಧೂಳಿಗೆ ಎಲ್ಲರೂ ಹಾಕುತ್ತಾರೆ. ಇವರು ಒಳಗೆ ಬಂದ ಮೇಲೂ ತೆಗೆಯಲಿಲ್ಲ.

ನೀಲಿ ಬಟ್ಟೆಯ ಗಂಟಿನಿಂದ ಮಗಳು ಪುಸ್ತಕವೊಂದನ್ನು ತೆಗೆದು ಕೌಂಟರಿನ ಮೇಲಿಟ್ಟಳು. ಹೊಲಿಗೆ ಹರಿದು ಹಾಳೆಗಳು ಸಡಿಲವಾಗಿದ್ದವು, ಅಲ್ಲಲ್ಲಿ ಹುಳ ತಿಂದ ತೂತು. ಪ್ರತಿ ಹಾಳೆಯೂ ನಡುವೆ ಮಡಚಿತ್ತು. ಮಡಿಕೆ ಹೊರಗೆ, ತೆರೆದ ಬದಿ ಒಳಗೆ ಹೊಲಿಗೆಯಲ್ಲಿ. ಭಾವ ಅದನ್ನು ನೋಡಿದವರೇ ಕಟರ್ ಕೈಗೆತ್ತಿಕೊಂಡರು.

"ಮೇಡಂ, ಪುಟಗಳನ್ನು ಬಿಡಿಸಿಯೇ ಇಲ್ಲ. ನಾನು ಬಿಡಿಸಿ ಕೊಡ್ತೇನೆ."

ಕಟರಿನ ಅಲಗು ಟಿಕ್ ಎಂದದ್ದೇ ತಡ, ಅಜ್ಜಿಯ ಕೈ ಪುಸ್ತಕದ ಮೇಲೆ ಅಡ್ಡ ಬಂತು. ಮಗಳೂ ಬೇಡ ಬೇಡ ಎಂದಳು. ನಮ್ಮ ಹಳೆಯ ಪುಸ್ತಕಗಳು ಇರುವುದೇ ಹಾಗೆ, ಕಾಗದದ ಒಂದೇ ಬದಿಗೆ ಅಚ್ಚು, ಮಡಚಿದರೆ ಖಾಲಿ ಬದಿ ಒಳಗೆ ಅಡಗುತ್ತದೆ, ಕತ್ತರಿಸಿದರೆ ಪುಸ್ತಕ ಸತ್ತಂತೆ ಎಂದಳು. ಭಾವ ನಾಲಿಗೆ ಕಚ್ಚಿಕೊಂಡರು. "ದೇವರು ದೊಡ್ಡವನು, ಇನ್ನೊಂದು ಕ್ಷಣ ಆಗಿದ್ರೆ ಕತೆ ಮುಗೀತಿತ್ತು" ಎಂದು ನನಗೆ ಮೆಲ್ಲಗೆ ಹೇಳಿದರು. ಗಂಡಾಂತರ ಅಲ್ಲಿಗೇ ಕಳೆಯಿತು ಎಂದು ನಾವಿಬ್ಬರೂ ನಂಬಿದೆವು.

ಮಗಳು ಹಾಳೆ ಮಗುಚಿದಳು. ದಾಳಿಂಬೆಯ ಒಡಕಿನಲ್ಲಿ ಒಂದೊಂದು ಬೀಜಕ್ಕೂ ಬೇರೆ ಬೇರೆ ಕೆಂಪು. ಎಲೆಯ ತುದಿಯಲ್ಲಿ ಕಡುಹಸಿರು, ಬುಡಕ್ಕೆ ಬರುವಾಗ ಹಳದಿ. ಕುಂಚದಲ್ಲಿ ಬರೆದದ್ದು ಎಂದುಕೊಂಡಿದ್ದೆ. ಅಲ್ಲವಂತೆ, ಮರದ ಅಚ್ಚಂತೆ. ಒಂದು ಚಿತ್ರಕ್ಕೆ ಒಂದು ಹಲಗೆಯಲ್ಲ. ಎಲೆಗೊಂದು ತುಂಡು, ಹೂವಿಗೊಂದು, ಹಕ್ಕಿಯ ಕಾಲಿಗೊಂದು. ಒಂದೊಂದನ್ನೂ ಬೇರೆ ಬೇರೆ ಕೆತ್ತಿ, ಮರದ ಮೇಲೆಯೇ ಬಣ್ಣವನ್ನು ದಪ್ಪಕ್ಕೂ ತೆಳ್ಳಗೂ ಹಚ್ಚಿ, ಅದೇ ಕಾಗದವನ್ನು ಒಂದಾದ ಮೇಲೊಂದರ ಮೇಲೆ ಇಟ್ಟು ಉಜ್ಜಿ ತೆಗೆಯುವುದು. ಕೂದಲೆಳೆಯಷ್ಟು ಜರುಗಿದರೂ ಹೂವೊಂದು ಕಡೆ, ಅದರ ಕೆಂಪು ಇನ್ನೊಂದು ಕಡೆ. ಮುನ್ನೂರು ನಾನೂರು ವರ್ಷಗಳ ಹಿಂದೆಯೇ ಅವರ ಕಡೆ ಹೀಗೆ ಪುಸ್ತಕ ಮಾಡುತ್ತಿದ್ದರಂತೆ. ಇದು ಪತ್ರ ಬರೆಯುವುದಕ್ಕೆಂದು ಚಿತ್ರ ಒತ್ತಿದ ಹಾಳೆಗಳ ಪುಸ್ತಕ, ಅಜ್ಜಿಯ ಅಜ್ಜನ ಕಾಲದಿಂದ ಮನೆಯಲ್ಲಿದ್ದದ್ದು.

"ಅಮ್ಮನ ಹತ್ತಿರ ಊರಿನದು ಅಂತ ಉಳಿದಿರುವುದು ಇದೊಂದೇ. ರಿಪೇರಿ ಮಾಡಿಸಲೇಬೇಕು ಅಂತ ಅವರದೇ ಹಟ. ಹೊಲಿಗೆ ಹಾಕಿ, ತೂತು ಮುಚ್ಚಿ. ಮಿಕ್ಕಿದ್ದು ಇದ್ದ ಹಾಗೆಯೇ ಇರಬೇಕು" ಎಂದಳು ಮಗಳು.

"ಇದ್ದ ಹಾಗೆ ಎಂತ ಮೇಡಂ, ಇದ್ದದ್ದಕ್ಕಿಂತ ಚಂದ ಮಾಡಿ ಕೊಡ್ತೇನೆ" ಎಂದರು ಭಾವ, ತಮ್ಮ ಒಡಕು ಇಂಗ್ಲಿಷಿನಲ್ಲಿ.

ಅವಳು ನಕ್ಕಳು. ಅಷ್ಟರಲ್ಲಿ ಫೋನ್ ಬಂದು ಹೊರಗೆ ಹೋದಳು. ಅಜ್ಜಿ ಒಬ್ಬರೇ ಆದರು. ಅವರು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು ಕೊನೆಯ ಹಾಳೆ ತೆರೆದರು. ಮೂಲೆಯಲ್ಲಿ ಹೆಬ್ಬೆರಳಷ್ಟು ದೊಡ್ಡ ದೋಣಿ. ಉಳಿದದ್ದೆಲ್ಲ ಖಾಲಿ ಬಿಳಿ. ದೋಣಿಯಿಂದ ಶುರುಮಾಡಿ ಹಾಳೆಯ ಅಂಚಿನ ತನಕ ಬೆರಳ ತುದಿಗಳನ್ನು ನಿಧಾನವಾಗಿ ಒಯ್ದರು. ಮತ್ತೆ ದೋಣಿಗೆ ಬಂದರು, ಮತ್ತೆ ಹೋದರು. ಮುಖ ಮಾತ್ರ ಪುಸ್ತಕದ ಕಡೆಗಿರಲಿಲ್ಲ, ಗ್ಯಾರೇಜಿನ ಗೋಡೆಯ ಕಡೆಗಿತ್ತು. ತುಟಿ ಅಲುಗುತ್ತಿತ್ತು. ಏನೋ ಜಪ ಇರಬೇಕು ಎಂದುಕೊಂಡೆ, ಆದರೂ ಯಾಕೋ ನನಗೆ ಹೆದರಿಕೆಯಾಯಿತು. ಚಹಾ ತಂದಿಟ್ಟರೆ ಅವರ ಕೈ ಲೋಟದ ಪಕ್ಕ ಪಕ್ಕ ತಡಕಾಡಿತು. ನಾನೇ ಲೋಟವನ್ನು ಕೈಗೆ ತಾಗಿಸಿದೆ. ಮಗಳು ಒಳಗೆ ಬಂದ ಸದ್ದಿಗೆ ಅಜ್ಜಿ ಫಕ್ಕನೆ ಪುಸ್ತಕ ಮುಚ್ಚಿ, ತಲೆ ಎತ್ತಿ, ಎದುರಿಗೆ ನೇತುಹಾಕಿದ್ದ ಗಿಡುಗದ ಫೋಟೊವನ್ನು ನೋಡುವವರ ಹಾಗೆ ಕೂತರು.

ಆ ವಾರವೆಲ್ಲ ನಾನು ಆ ಪುಸ್ತಕದ ಜತೆಗೇ ಇದ್ದೆ. ಹಳೆಯ ಹೊಲಿಗೆ ಬಿಚ್ಚಿದೆ. ಮೈದಾ ಅಂಟನ್ನು ಹದಕ್ಕೆ ಕಾಸಿ, ತೂತಿಗೆ ತೂತಿನಷ್ಟೇ ಕಾಗದ ಹರಿದು ಕೂರಿಸಿದೆ. ಎಲೆಯ ಮೇಲೆ ಕೂತ ಮಿಡತೆ, ಕಲ್ಲಿನ ಸಂದಿಯ ಹೂವು, ಎಲ್ಲದರ ಮೇಲೂ ನನಗೆ ಮೋಹ ಬಂತು. ಹೆಚ್ಚು ಏನೂ ಬಿಡಿಸದ ಕೆಲವು ಹಾಳೆಗಳಿದ್ದವು. ದೋಣಿಯದು ಒಂದು, ಒಂದು ಕೆಂಪು ಕೊಕ್ಕು ಮಾತ್ರ ಇದ್ದ ಹಾಳೆ ಇನ್ನೊಂದು. ಅವುಗಳ ಬಿಳಿ ಭಾಗವೆಲ್ಲ ಮುಟ್ಟಿದರೆ ಏರುಪೇರು. ತೇವ ಕುಡಿದು ಸುಕ್ಕಾಗಿದೆ ಎಂದು ಭಾವ ಅಂದರು. ಗಲ್ಫಿನಲ್ಲಿ ಕಾಗದ ಕಂಡ ಯಾರಾದರೂ ಹಾಗೆಯೇ ಹೇಳುತ್ತಿದ್ದರು.

ತೇಪೆಯ ಕೆಲಸ ಮುಗಿದ ಮರುದಿನ ನಾನು ವ್ಯಾನಿನಲ್ಲಿ ಅಬುಧಾಬಿಗೆ ಹೋದೆ, ಒಂದು ಆಫೀಸಿಗೆ ಚೌಕಟ್ಟುಗಳನ್ನು ತಲುಪಿಸಿ ತೂಗುಹಾಕಿಸುವ ಕೆಲಸ. ಸಂಜೆ ಅಂಗಡಿಗೆ ಬಂದರೆ ಪುಸ್ತಕ ಹೊಲಿಗೆಯಾಗಿ ಕೌಂಟರಿನ ಮೇಲೆ ಕೂತಿದೆ. ಮುಟ್ಟಿದೆ. ಹೊಸ ನೋಟಿನ ಹಾಗೆ ನುಣ್ಣಗೆ.

"ನೋಡು ಮಾರಾಯ್ತಿ" ಎಂದರು ಭಾವ. ಮುಖ ಅರಳಿತ್ತು. "ನೀರು ಮುಟ್ಟಿಸ್ಲಿಲ್ಲ, ಬಣ್ಣ ಬಿಟ್ಟೀತು ಅಂತ. ಬರೀ ಬಿಸಿ. ಒಂದೊಂದು ಹಾಳೆಗೂ ಅಂಟದ ಕಾಗದ ಮೇಲೊಂದು ಕೆಳಗೊಂದು. ಇಡೀ ದಿನ ಹಿಡೀತು. ಒಂದು ಸುಕ್ಕು ತೋರಿಸು ನೋಡುವ?"

"ಅವರು ಇದ್ದ ಹಾಗೆ ಇರ್ಲಿ ಅಂದಿದ್ದಲ್ವಾ? ನಿಮಗೆ ಯಾರು ಹೇಳಿದ್ದು ಒತ್ತಲಿಕ್ಕೆ?"

"ಹೇಳ್ಬೇಕಾ? ಇದು ನನ್ನ ಕಡೆಯಿಂದ."

"ನಿಮ್ಮ ಕಡೆಯಿಂದ ಬೆಂಕಿ ಬಿತ್ತು! ಕೇಳಿ ಮಾಡಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?"

ಅವರ ಮುಖ ಬಾಡಿತು. ಮನೆಗೆ ಬಂದ ಮೇಲೆ ಅಕ್ಕ ನನ್ನನ್ನೇ ಬೈದಳು. ಪುಕ್ಕಟೆ ಕೆಲಸ ಮಾಡಿಕೊಟ್ಟವರನ್ನು ಹೀಗೆ ಹಂಗಿಸುವುದಾ, ನಿನ್ನ ನಾಲಿಗೆಗೆ ಮೂಳೆ ಇಲ್ಲವಾ ಎಂದಳು.  ಯಾಕೆ ಅಷ್ಟು ಸಿಟ್ಟು ಬಂತೆಂದು ನನಗೇ ಗೊತ್ತಿರಲಿಲ್ಲ. ಏನೋ ಆಗಬಾರದ್ದು ಆಗಿದೆ ಎಂದು ಮಾತ್ರ ಅನಿಸುತ್ತಿತ್ತು.

ತಾಯಿ ಮಗಳು ಪುಸ್ತಕ ಒಯ್ಯಲು ಬಂದರು. ಮಗಳು ಪುಟ ತಿರುವಿ ಎಷ್ಟು ಚಂದವಾಗಿದೆ, ಎಷ್ಟು ಚಂದವಾಗಿದೆ ಎಂದಳು. ಭಾವ ನನ್ನ ಕಡೆ ಒಮ್ಮೆ ನೋಡಿದರು, ಕೇಳಿಸಿತಾ ಎನ್ನುವ ಹಾಗೆ. ಆಮೇಲೆ ಅಜ್ಜಿ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. ಬೆರಳು ಮೊದಲ ಹಾಳೆಯ ಮೇಲೆ ಓಡಿತು, ನಿಂತಿತು. ಇನ್ನೊಂದು ಹಾಳೆ. ಮತ್ತೊಂದು. ನಡುವಿನದನ್ನೆಲ್ಲ ಬಿಟ್ಟು ಕೊನೆಯದಕ್ಕೆ ಹೋದರು. ಅಂಗೈ ಪೂರ್ತಿ ಇಟ್ಟು ಸವರಿದರು. ಅವರ ಗಂಟಲಿನಿಂದ ಸಣ್ಣದೊಂದು ಸದ್ದು ಬಂತು. ಪುಸ್ತಕವನ್ನು ಕೌಂಟರಿನ ಮೇಲಿಂದ ನಮ್ಮ ಕಡೆಗೆ ನೂಕಿ ಒಂದೇ ಒಂದು ಮಾತು ಹೇಳಿದರು.

ಮಗಳು ಏನೋ ಕೇಳಿದಳು. ಅಜ್ಜಿ ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದರು.

"ಇದು ನನ್ನ ಪುಸ್ತಕ ಅಲ್ಲ ಅನ್ನುತ್ತಿದ್ದಾರೆ" ಎಂದಳು ಮಗಳು. "ನಮ್ಮದನ್ನು ಇಟ್ಟುಕೊಂಡು ನಕಲು ಕೊಟ್ಟಿದ್ದೀರಿ ಅನ್ನುತ್ತಿದ್ದಾರೆ."

ಭಾವ ಮೊದಲು ನಕ್ಕರು. ತಮಾಷೆ ಎಂದುಕೊಂಡಿದ್ದರು, ಪಾಪ. ನಾನು ತೇಪೆ ತೋರಿಸಿದೆ, ತೂತು ತೋರಿಸಿದೆ, ಬಿಚ್ಚಿದ ಹಳೆಯ ದಾರ ತೋರಿಸಿದೆ. ತೂತು ಯಾರು ಬೇಕಾದರೂ ಮಾಡಬಹುದು ಎಂದಳು ಅವಳು. "ನನಗೆ ವ್ಯತ್ಯಾಸ ಕಾಣುತ್ತಿಲ್ಲ, ನಿಜ. ಆದರೆ ಅಮ್ಮನಿಗೆ ಈ ಪುಸ್ತಕ ಹುಟ್ಟಿದಾಗಿನಿಂದ ಗೊತ್ತು. ಅವರು ಸುಳ್ಳು ಹೇಳುವವರಲ್ಲ." ಶುಕ್ರವಾರದೊಳಗೆ ನಿಜವಾದ ಪುಸ್ತಕ ಬರದಿದ್ದರೆ ಪೊಲೀಸಿಗೆ ಹೋಗುತ್ತೇನೆಂದು ತನ್ನ ಕಾರ್ಡನ್ನು ಕೌಂಟರಿನ ಮೇಲಿಟ್ಟು, ಪುಸ್ತಕವನ್ನು ಅಲ್ಲೇ ಬಿಟ್ಟು, ತಾಯಿಯ ತೋಳು ಹಿಡಿದು ಹೊರಟಳು. ಅಜ್ಜಿ ಬಾಗಿಲ ಮೆಟ್ಟಿಲಲ್ಲಿ ಎಡವಿದರು. ಭಾವ ಹಿಡಿಯಲು ಓಡಿದರೆ ಅವರ ಕೈಯನ್ನು ಕೊಡವಿ ಹಾಕಿದರು.

"ಮನೆ ದೈವದ ಆಣೆ" ಎಂದರು ಭಾವ, ಖಾಲಿ ಬಾಗಿಲಿಗೆ. "ನಾನು ಇನ್ನೊಬ್ಬರ ವಸ್ತು ಮುಟ್ಟಿದವ ಅಲ್ಲ."

ಆಮೇಲಿನ ದಿನಗಳು ಹೇಗೆ ಹೋದವು ಎಂದು ಹೇಳುವುದು ಕಷ್ಟ. ಭಾವ ಊಟಕ್ಕೆ ಕೂತರೆ ಗಂಜಿಯಲ್ಲಿ ಚಮಚ ಆಡಿಸುತ್ತಾ ಕೂರುತ್ತಿದ್ದರು. ಅಂಗಡಿಯ ಮುಂದೆ ಬಿಳಿ ಕಾರು ನಿಧಾನವಾದರೆ ಪೊಲೀಸರೇ ಎಂದು ನಮ್ಮಿಬ್ಬರ ಎದೆಯಲ್ಲೂ ಅವಲಕ್ಕಿ ಕುಟ್ಟಿದ ಹಾಗೆ. ಕಫೀಲರಿಗೆ ಮೊದಲೇ ತಿಳಿಸಿಬಿಡೋಣ ಎಂದರೆ ಅಕ್ಕ ಬೇಡವೆಂದಳು: "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಆಗುದು ಬೇಡ." ಎದುರು ಸಾಲಿನ ಶಟರಿನ ಕಡೆ ಭಾವ ನೋಡುವುದನ್ನೇ ಬಿಟ್ಟಿದ್ದರು. ಪರಿಚಯದ ಬ್ಯಾರಿ ವ್ಯಾಪಾರಿಯೊಬ್ಬರು ಚಹಾಕ್ಕೆ ಬಂದು, ಎಂತ ಭಾಯಿ ಸಪ್ಪಗಿದ್ದೀರಿ ಎಂದರೆ ಇವರು ಎದ್ದು ಹಿಂದೆ ಹೋಗಿ ಪ್ರೆಸ್ಸಿನ ಪಕ್ಕ ನಿಂತರು. ಅಕ್ಕನಿಗೆ ಪೊಲೀಸಿಗಿಂತ ಇನ್ನೊಂದರ ಹೆದರಿಕೆ. ಅಜ್ಜಿಯ ಕಣ್ಣೀರು ಬಿದ್ದಿದೆ, ಅದು ಸುಮ್ಮನೆ ಬಿಡುವುದಿಲ್ಲ ಎಂದು ದೇವರ ಮುಂದೆ ಕೂತು ಅಳುತ್ತಿದ್ದಳು. ನನಗೆ ಆ ಅಜ್ಜಿಯ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸವರುತ್ತಿದ್ದ ಆ ಅಂಗೈ ಕಣ್ಣ ಮುಂದಿನಿಂದ ಹೋಗುತ್ತಲೇ ಇರಲಿಲ್ಲ.

ಗುರುವಾರ ಸಂಜೆ ಅಂಗಡಿ ಮುಚ್ಚುವ ಹೊತ್ತು. ಶಟರ್ ಅರ್ಧ ಎಳೆದಿದ್ದೆ. ಕೆಳಗಿನಿಂದ ಇಳಿಬಿಸಿಲು ಅಡ್ಡಡ್ಡವಾಗಿ ನುಗ್ಗಿ ನೆಲದ ಮೇಲೆ ಬಿದ್ದಿತ್ತು. ಪುಸ್ತಕವನ್ನು ಕಪಾಟಿಗೆ ಸೇರಿಸೋಣ ಎಂದು ಎತ್ತುವಾಗ ಕೈತಪ್ಪಿ ಅದು ನೆಲಕ್ಕೆ ಬಿದ್ದು, ಕೊನೆಯ ಹಾಳೆಗೆ ತೆರೆದುಕೊಂಡಿತು. ಬಗ್ಗಿದೆ. ಬಗ್ಗಿದವಳು ಹಾಗೆಯೇ ನಿಂತುಬಿಟ್ಟೆ. ಖಾಲಿ ಹಾಳೆಯ ತುಂಬ ಗೆರೆಗಳು! ಅಳಿಸಿದ ಸ್ಲೇಟಿನ ಮೇಲೆ ಹಿಂದಿನ ಅಕ್ಷರ ಉಳಿದಿರುತ್ತದಲ್ಲ, ಅಷ್ಟು ಮಂಕು. ದೋಣಿಯ ಕೆಳಗಿನಿಂದ ಹೊರಟು ಅಂಚಿನ ತನಕ ಅಲೆಯ ಮೇಲೆ ಅಲೆ, ಅಲೆಯ ಮೇಲೆ ಅಲೆ, ಹಾಳೆ ತುಂಬ ನೀರು. ಹಾಳೆಯನ್ನು ಕೈಯಲ್ಲಿ ಎತ್ತಿದರೆ ಏನೂ ಇಲ್ಲ. ಮತ್ತೆ ನೆಲದ ಬಿಸಿಲಿಗೆ ಹಿಡಿದರೆ ನೀರು. ಕೆಂಪು ಕೊಕ್ಕಿನ ಹಾಳೆಯನ್ನು ಹಿಡಿದೆ. ಕೊಕ್ಕಿನ ಹಿಂದೆ ಇಡೀ ಒಂದು ಕೊಕ್ಕರೆ, ಒಂದೊಂದು ಗರಿಯೂ ಸೇರಿ.

ಸುಕ್ಕಲ್ಲ ಅದು. ಅದೂ ಅಚ್ಚೇ. ಬಣ್ಣ ಹಚ್ಚದೆ, ಬರೀ ಕೆತ್ತಿದ ಮರದ ಮೇಲೆ ಕಾಗದ ಇಟ್ಟು ಒತ್ತಿ ಎಬ್ಬಿಸಿದ ಅಚ್ಚು. ಕಣ್ಣಿಗಿಂತ ಹೆಚ್ಚಾಗಿ ಬೆರಳಿಗೆ ತಿಳಿಯುವಂಥದ್ದು. ಅದು ಹೊಳೆದ ಕ್ಷಣ ಉಳಿದದ್ದೂ ಹೊಳೆಯಿತು. ಗೋಡೆಯ ಕಡೆ ತಿರುಗಿದ್ದ ಮುಖ, ಲೋಟ ತಡಕುವ ಕೈ, ಮೆಟ್ಟಿಲಲ್ಲಿ ಎಡವಿದ ಕಾಲು. ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಮಗಳು ಸಲೀಸಾಗಿ ನೋಡುತ್ತಿದ್ದ ದಾಳಿಂಬೆ, ಮಿಡತೆ, ಹೂವು ಯಾವುದೂ ಅವರ ಪಾಲಿಗೆ ಉಳಿದಿರಲಿಲ್ಲ. ಉಳಿದದ್ದು ಈ ನೀರು ಮತ್ತು ಈ ಕೊಕ್ಕರೆ. ಅದನ್ನೇ ನಾವು ಇಸ್ತ್ರಿ ಹಾಕಿ ಕೊಟ್ಟಿದ್ದೆವು.

ಭಾವನನ್ನು ಕರೆದು ತೋರಿಸಿದೆ. ಅವರು ಮಂಡಿಯೂರಿ ಕೂತು, ಬಿಸಿಲು ಪೂರ್ತಿ ಹೋಗುವ ತನಕ ಆ ಹಾಳೆಯನ್ನು ನೋಡಿದರು. ಒಂದು ಸಲ ಬೆರಳಿಟ್ಟು ನೋಡಿ ಬೆಂಕಿ ತಾಗಿದ ಹಾಗೆ ಕೈ ತೆಗೆದರು.

"ಗಣಪತಿ ಮಾಡ್ಲಿಕ್ಕೆ ಹೋಗಿ ಅವನಪ್ಪನನ್ನು ಮಾಡಿದೆ" ಎಂದರು. 

ಅಕ್ಕ ಮಾತ್ರ ಸುದ್ದಿ ಕೇಳಿ ಕೈಮುಗಿದಳು. "ಹಾಗಾದ್ರೆ ನಾವು ಕಳ್ಳರಲ್ಲ ಅಂತ ಆಯ್ತಲ್ಲ! ನಾಳೆ ಬೆಳಿಗ್ಗೆಯೇ ಹೋಗಿ ಹೇಳಿ. ತಪ್ಪು ಬೇರೆ, ಕಳ್ಳತನ ಬೇರೆ." ಅವಳು ಹೇಳಿದ್ದು ಸರಿಯೇ. ನಮ್ಮ ಮೂವರ ಅನ್ನ ನಿಂತದ್ದು ಆ ಒಂದು ಮಾತಿನ ಮೇಲೆ.

ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿ ಅಬುಧಾಬಿಗೆ ಹೊರಟೆವು. ದಾರಿಯುದ್ದಕ್ಕೂ ಭಾವ ಇಂಗ್ಲಿಷಿನಲ್ಲಿ ಹೇಳಬೇಕಾದದ್ದನ್ನು ತುಟಿಯೊಳಗೇ ಉರು ಹೊಡೆಯುತ್ತಿದ್ದರು. ಪುಸ್ತಕ ಅವರ ತೊಡೆಯ ಮೇಲಿತ್ತು. ಎತ್ತರದ ಕಟ್ಟಡ, ಲಿಫ್ಟಿನಲ್ಲಿ ನನಗೆ ಕಿವಿ ಕಟ್ಟಿತು. ಬಾಗಿಲು ತೆರೆದ ಮಗಳು ಒಳಗೆ ಕರೆದಳು, ಕೂರಲು ಹೇಳಲಿಲ್ಲ. ಅಜ್ಜಿ ದೂರದಲ್ಲಿ ದೊಡ್ಡ ಗಾಜಿನ ಕಿಟಕಿಯ ಮುಂದೆ, ಸಮುದ್ರಕ್ಕೆ ಮುಖ ಮಾಡಿ ಕುರ್ಚಿಯಲ್ಲಿದ್ದರು.

ಭಾವ ಎಲ್ಲವನ್ನೂ ಹೇಳಿದರು. ಒತ್ತಿದ್ದು, ಕೇಳದೆ ಒತ್ತಿದ್ದು, ಸುಕ್ಕೆಂದು ತಿಳಿದದ್ದು. ನಾನು ಕೊನೆಯ ಹಾಳೆಯನ್ನು ಅಡಿಗೆಮನೆಯ ಕಟ್ಟೆಯ ಮೇಲೆ ತೆರೆದು, ಮೊಬೈಲಿನ ಟಾರ್ಚನ್ನು ಪಕ್ಕದಿಂದ ಹಿಡಿದೆ. ನೀರು ಎದ್ದು ಬಂತು. ಮಗಳು ಬಾಯಿಗೆ ಕೈ ಇಟ್ಟುಕೊಂಡಳು. ಚಿಕ್ಕವಳಿದ್ದಾಗ ಇದನ್ನು ಮುಟ್ಟಿದರೆ ಅಮ್ಮ ಕೈಗೆ ಹೊಡೆಯುತ್ತಿದ್ದರು, ಅದಕ್ಕೇ ತನಗೆ ಇದರ ನೆನಪೇ ಇಲ್ಲ ಎಂದಳು.

"ಆದರೆ ನನಗೆ ಕಾಣದ್ದು ಅಮ್ಮನಿಗೆ ಹೇಗೆ ಗೊತ್ತಾಯಿತು?"

ಭಾವ ನನ್ನನ್ನು ನೋಡಿದರು. ಹೇಳುವ ಕೆಲಸ ನನಗೇ ಬಂತು. "ಮೇಡಂ, ನಿಮ್ಮ ಅಮ್ಮನಿಗೆ ಕಣ್ಣು ಕಾಣುವುದಿಲ್ಲ."

"ಸ್ವಲ್ಪ ಮಂಜು ಇದೆ. ಪೊರೆ ಬಂದಿದೆ. ಊರಿಗೆ ಹೋದಾಗ ತೆಗೆಸುತ್ತೇವೆ."

ಅಂಗಡಿಯಲ್ಲಿ ಅಜ್ಜಿಯ ಕೈ ಚಹಾ ಲೋಟ ತಡಕಿದ್ದನ್ನು ನಾನು ಹೇಳಿದೆ. ಅವಳು ತಿರುಗಿ ತಾಯಿಯ ಕಡೆ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಸದ್ದಾಗದ ಹಾಗೆ ನಡೆದು, ಅಜ್ಜಿಯ ಮುಖದ ಎದುರು ತನ್ನ ಕೈಯನ್ನು ಹಿಡಿದಳು. ಆ ಹೊತ್ತು ಅಜ್ಜಿ ಕಪ್ಪು ಕನ್ನಡಕ ಹಾಕಿರಲಿಲ್ಲ. ಕೈ ಹತ್ತಿರ ಹತ್ತಿರ ಬಂತು. ಅಜ್ಜಿ ಸಮುದ್ರದ ಕಡೆಗೇ ನೋಡುತ್ತಿದ್ದರು. ರೆಪ್ಪೆ ಬಡಿಯಲಿಲ್ಲ. ಇಷ್ಟು ದಿನ ಒಂದೇ ಮನೆಯಲ್ಲಿದ್ದು ಇದನ್ನು ಮುಚ್ಚಿಟ್ಟದ್ದು ಹೇಗೋ! ಗೊತ್ತಾದರೆ ತನ್ನನ್ನು ಯಾವುದಾದರೂ ಆಶ್ರಮಕ್ಕೆ ಸೇರಿಸುತ್ತಾಳೆಂಬ ಭಯವಿತ್ತೋ ಏನೋ.

ಮಗಳು ಹಿಂದಕ್ಕೆ ಬಂದು ಅಡಿಗೆಮನೆಯ ಕಟ್ಟೆ ಹಿಡಿದು ನಿಂತಳು. ಅಳುತ್ತಿದ್ದಳು, ಸದ್ದಿಲ್ಲದೆ.

"ರಿಪೇರಿ ಮಾಡಿಸಲೇಬೇಕು ಅಂತ ಹಟ ಹಿಡಿದದ್ದು ಅವರೇ" ಎಂದಳು. "ನಾನು ಬೇಡ ಅಂದಿದ್ದೆ. ಇದನ್ನು ಹೇಳಿದರೆ, ನನ್ನ ಕೈಯಾರೆ ಒಯ್ದು ಕೊಟ್ಟು ಪುಸ್ತಕವನ್ನು ಕೊಲ್ಲಿಸಿದೆ ಅಂತ ಸಾಯುವ ತನಕ ಹೇಳಿಕೊಳ್ಳುತ್ತಾರೆ. ಅವರು ಎಂಥವರು ಅಂತ ನನಗೆ ಗೊತ್ತು." ಕಣ್ಣೊರಸಿಕೊಂಡು ಭಾವನ ಕಡೆ ತಿರುಗಿದಳು. "ಪೊಲೀಸಿಗೆ ಹೋಗುವುದಿಲ್ಲ. ನೀವು ಕಳ್ಳರಲ್ಲ ಅಂತ ನನಗೆ ಗೊತ್ತಾಯಿತು. ಆದರೆ ಅಮ್ಮನಿಗೆ ನೀವು ಕದ್ದಿರಿ ಅಂತಲೇ ಹೇಳಲಾ? ಕದ್ದು ಯಾರಿಗೋ ಮಾರಿದಿರಿ, ವಾಪಸು ಸಿಗುವುದಿಲ್ಲ ಅಂತ? ಹಾಗಾದರೆ ಅದು ಎಲ್ಲೋ ಒಂದು ಕಡೆ ಇದೆ ಅಂತ ಅವರಿಗೆ ಇರುತ್ತದೆ."

ನನ್ನ ಮೈಯೆಲ್ಲ ಉರಿದುಹೋಯಿತು. "ಎಂತ ಮಾತು ಇದು! ಕಳ್ಳ ಅಲ್ಲ ಅಂತ ಹೇಳ್ಲಿಕ್ಕೆ ಇಷ್ಟು ದೂರ ಬಂದದ್ದು ನಾವು. ಭಾವ, ಬನ್ನಿ, ಹೋಗುವ."

ಭಾವ ಕೈ ಎತ್ತಿ ನನ್ನನ್ನು ತಡೆದರು. ಮನೆ ದೈವದ ಆಣೆ ಹಾಕಿದ ಬಾಯಿ ಅದು. ವಾರವಿಡೀ ಒಂದು ತುತ್ತು ಇಳಿಯದ್ದು ಕಳ್ಳ ಎಂಬ ಆ ಒಂದು ಹೆಸರಿಗಾಗಿ. 

"ಹೇಳಿ ಮೇಡಂ" ಎಂದರು.

ಮಗಳು ತಾಯಿಯ ಹತ್ತಿರ ಹೋಗಿ ಕೂತು ಮೆಲ್ಲಗೆ ಮಾತಾಡಿದಳು. ಪುಸ್ತಕವನ್ನು ಭಾವ ಕಂಕುಳಲ್ಲಿ ಒತ್ತಿ ಹಿಡಿದುಕೊಂಡಿದ್ದರು. ಅಜ್ಜಿ ಕೇಳಿಸಿಕೊಂಡರು. ಆಮೇಲೆ ಎದ್ದರು. ಗೋಡೆಗೆ ಕೈ ಊರಿಕೊಂಡು ನಮ್ಮ ಕಡೆ ಬಂದರು. ಉಗುಳುತ್ತಾರೆ ಎಂದೇ ನಾನು ಹೆದರಿದ್ದೆ. ಅವರು ನಿಂತದ್ದು ಭಾವನ ಮುಂದಲ್ಲ, ಸ್ವಲ್ಪ ಆಚೆಗೆ, ಫ್ರಿಜ್ಜಿನ ಕಡೆ ಮುಖ ಮಾಡಿ. ಭಾವ ಸದ್ದಾಗದ ಹಾಗೆ ಒಂದು ಹೆಜ್ಜೆ ಜರುಗಿ, ಅವರ ಮುಖ ಇದ್ದ ಕಡೆ ಹೋಗಿ ತಲೆ ತಗ್ಗಿಸಿ ನಿಂತರು.

ಅಜ್ಜಿ ಏನೋ ಕೇಳಿದರು. ಬೈಗುಳದ ದನಿಯಲ್ಲ, ಬೇಡುವ ದನಿ. ಮಗಳು ಅದನ್ನು ನಮಗೆ ಇಂಗ್ಲಿಷಿನಲ್ಲಿ ಹೇಳಿದಳು.

"ಅದನ್ನು ಕೊಂಡವರಿಗೆ, ಕೊನೆಯ ಹಾಳೆ ಖಾಲಿ ಅಲ್ಲ ಅಂತ ಗೊತ್ತಿದೆಯಾ ಅಂತ ಕೇಳುತ್ತಿದ್ದಾರೆ."

"ಗೊತ್ತಿದೆ ಮೇಡಂ" ಎಂದರು ಭಾವ. "ನಾನೇ ಹೇಳಿ ಕೊಟ್ಟಿದ್ದೇನೆ."

ಮಗಳು ಅದನ್ನು ಅವರ ಭಾಷೆಯಲ್ಲಿ ತಾಯಿಗೆ ಹೇಳಿದಳು.